ಮಾತಿನಮಲ್ಲಿಗೆ ಮೌನಿ ಹೊಂದುತ್ತಾರಾ?

ಪ್ರಿಯ ಓದುಗರೇ,

‘ನನಗೆ ಸುತ್ತ ಜನ ಬೇಕು, ಅವನಿಗೆ ಪುಸ್ತಕ ಸಾಕು. ವಿರುದ್ಧ ಸ್ವಭಾವದವರೇ ಚೆನ್ನಾಗಿ ಬಾಳುತ್ತಾರೆ ಅಂತಾಳೆ ಗೆಳತಿ. ಮದುವೆಗೆ ಒಪ್ಪಿಕೊಳ್ಳಲೇ?’ ಎಂದು ಕೇಳಿದ್ದೀರಿ.

ಗೆಳತಿಯ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ. ನಮ್ಮಲ್ಲಿ ಇಲ್ಲದ್ದನ್ನು ಸಂಗಾತಿಯಲ್ಲಿ ಹುಡುಕುತ್ತೇವೆ ಎಂದು 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ವಿಂಚ್ ವಾದಿಸಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಅದಕ್ಕೆ ಹೆಚ್ಚು ಬೆಂಬಲ ಸಿಗಲಿಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಹಳೆಯ ಅಧ್ಯಯನಗಳನ್ನೂ ಬ್ರಿಟನ್ನಿನ ಸುಮಾರು 80,000 ಜೋಡಿಗಳ ಮಾಹಿತಿಯನ್ನೂ ಒಟ್ಟಿಗೆ ನೋಡಿದರು. ಶಿಕ್ಷಣ, ರಾಜಕೀಯ, ಧರ್ಮದ ವಿಚಾರದಲ್ಲಿ ಜೋಡಿಗಳ ನಡುವೆ ಹೋಲಿಕೆ ಜಾಸ್ತಿ ಇತ್ತು. ಮಾತುಗಾರರೋ ಮೌನಿಗಳೋ ಎಂಬ ವಿಷಯಕ್ಕೆ ಬಂದರೆ ತೀರಾ ಕಡಿಮೆ. ಅಂದರೆ ನಿಮ್ಮಂಥ ಜೋಡಿಗಳು ಬೇಕಾದಷ್ಟಿವೆ. ಅದಕ್ಕಾಗಿ ಹೆದರಬೇಡಿ, ಅದನ್ನೇ ನಂಬಿ ಹಾರಲೂ ಬೇಡಿ.

ನನ್ನನ್ನು ಕಾಡಿದ್ದು ಪತ್ರದ ಕೊನೆಯಲ್ಲಿ ನೀವು ಸುಮ್ನೆ ಹೇಳಿ ಬಿಟ್ಟಿರುವ ಸಾಲು. ‘ಜಗಳವಾದರೆ ಅವನು ಫೋನ್ ಸ್ವಿಚ್ ಆಫ್ ಮಾಡ್ತಾನೆ. ನಾನು ರಾತ್ರಿಯಿಡೀ ಮೆಸೇಜ್ ಹಾಕ್ತಾ ಇರ್ತೀನಿ.’ ನೀವು ಬೆನ್ನು ಹತ್ತಿದಷ್ಟೂ ಅವರು ದೂರ ಸರಿಯುತ್ತಾರೆ, ಅವರು ಸರಿದಷ್ಟೂ ನಿಮ್ಮ ಮೆಸೇಜ್ ಖಾರವಾಗುತ್ತದೆ. ಬೆಳಿಗ್ಗೆ ಫೋನ್ ಆನ್ ಮಾಡಿದಾಗ ಅವರ ಕಣ್ಣಿಗೆ ಬೀಳುವುದು ನಿಮ್ಮ ಅಳು ಅಲ್ಲ, ಸಾಲುಸಾಲು ಆರೋಪಗಳು. ಸಂಬಂಧವನ್ನು ಸವೆಸುವುದು ಇದು. ಒಂದೇ ಸ್ವಭಾವದವರಲ್ಲೂ ಇದು ಆಗುತ್ತದೆ.

ದಂಪತಿಗಳನ್ನು ದಶಕಗಳ ಕಾಲ ಗಮನಿಸಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ ಮನೆಯ ಜಗಳಗಳಲ್ಲಿ ಶೇ. 69ರಷ್ಟು ಪೂರ್ತಿ ಬಗೆಹರಿಯುವುದೇ ಇಲ್ಲ. ಮೌನಿ ಮಾತುಗಾರನಾಗುವುದಿಲ್ಲ, ಅಲ್ವಾ? ಆದ್ದರಿಂದ ಜಗಳ ಆಡುವ ರೀತಿಯನ್ನು ಬದಲಿಸಿಕೊಳ್ಳಿ. ಮನಸ್ಸು ಕುದಿಯುವಾಗ ಕನಿಷ್ಠ 20 ನಿಮಿಷ ಬಿಡುವು ತೆಗೆದುಕೊಳ್ಳಿ ಎಂದು ಅವರೇ ಹೇಳುತ್ತಾರೆ. ನಿಮ್ಮವರು ಫೋನ್ ಆಫ್ ಮಾಡುವ ಮೊದಲು ‘ಒಂಬತ್ತಕ್ಕೆ ಮಾತಾಡ್ತೀನಿ’ ಎನ್ನಲಿ, ಹೇಳಿದಂತೆ ಮಾಡಲಿ. ಅಲ್ಲಿಯವರೆಗೆ ನೀವೂ ಮೆಸೇಜ್ ಹಾಕಬೇಡಿ. ನಿಮಗೆ ಕಷ್ಟ, ಗೊತ್ತು.

ಮಕ್ಕಳು, ದುಡ್ಡು, ಹೆತ್ತವರ ಹೊಣೆ ಇವುಗಳ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ನಿಮ್ಮಿಬ್ಬರ ಅಭಿಪ್ರಾಯ ಕೂಡಬೇಕಾದ್ದು ಅಲ್ಲಿ. ಇನ್ನೂ ಕೇಳಿಲ್ಲವಾದರೆ ಈ ವಾರವೇ ಕೇಳಿ. ಮೌನಿಗಳಿಗೆ ಯೋಚಿಸಲು ಸಮಯ ಬೇಕು. ಪ್ರಶ್ನೆಗಳನ್ನು ಮೊದಲೇ ಬರೆದು ಕೊಟ್ಟು, ಎರಡು ದಿನ ಬಿಟ್ಟು ಎದುರು ಕುಳಿತು ಮಾತಾಡಿ. ಮದುವೆಗೆ ಒಪ್ಪಿಗೆ ಹೇಳುವುದು ಆಮೇಲಾಗಲಿ.

– ಸಂಪಾದಕರು