ಪೇಂಟ್ ಆಗಿ 18 ದಿನ, ಬಾನೆಟ್ ಮೇಲೆ ಆಗಲೇ ಎರಡು ಚುಕ್ಕೆ

ಪ್ರಶ್ನೆ: ನಾನು ಕಾಪುವಿನವನು, ಕೆಲಸ ಬೈಕಂಪಾಡಿಯಲ್ಲಿ. ದಿನಾ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಹೋಗಿ ಬರುವುದು. ನನ್ನ ಹತ್ತು ವರ್ಷದ ಸ್ವಿಫ್ಟ್‌ನ ಬಾನೆಟ್, ಮುಂದಿನ ಬಂಪರ್ ಮತ್ತು ಎರಡು ಫೆಂಡರ್‌ಗಳಿಗೆ (ಮುಂದಿನ ಚಕ್ರದ ಮೇಲಿನ ಭಾಗ) ಹೊಸದಾಗಿ ಪೇಂಟ್ ಮಾಡಿಸಿ 18 ದಿನ ಆಯ್ತು. ಮೊನ್ನೆ ಪಡುಬಿದ್ರಿ ದಾಟಿದ ಮೇಲೆ ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಸಿಕ್ಕಿಕೊಂಡೆ. ಬಾನೆಟ್‌ನ ಅಂಚಿನಲ್ಲಿ ಎರಡು ಕಡೆ ಪೇಂಟ್ ಹಾರಿದೆ. ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚುವ ತೆಳು ಲೇಪ) ಮಾಡಿಸಿ ಅಂತ ಒಬ್ಬರು, ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮ್) ಹಾಕಿಸಿ ಅಂತ ಇನ್ನೊಬ್ಬರು. ಪೇಂಟರ್ ಮಾತ್ರ ಎರಡೂ ಈಗ ಬೇಡ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಪೇಂಟರ್ ಮಾತು ಕೇಳಿ ಮಾರಾಯ್ರೇ. ಆದರೆ ಆ ಎರಡು ಚುಕ್ಕೆಗಳನ್ನು ಹಾಗೇ ಬಿಡಬೇಡಿ. ಈ ಪೇಂಟ್ ಕೆಲಸ ಹೇಗೆ ಆಗಿದೆ ಅಂತ ತಿಳಿಯಲು ನಿಮ್ಮ ಹತ್ತಿರ ಇರುವುದು ಅವೇ.

ಕಾರನ್ನು ನೆರಳಿಗೆ ತಂದು, ಮೊಬೈಲ್ ಟಾರ್ಚ್ ಹಿಡಿದು, ಆ ಚುಕ್ಕೆಯ ಒಳಗೆ ಏನು ಕಾಣುತ್ತದೆ ನೋಡಿ. ಸಾಸಿವೆ ಕಾಳಿನಷ್ಟು ಸಣ್ಣ ಗುಂಡಿ, ತಳದಲ್ಲಿ ಬೂದು ಬಣ್ಣದ ಪ್ರೈಮರ್ (ಬಣ್ಣಕ್ಕಿಂತ ಮೊದಲು ಹೊಡೆಯುವ ಅಡಿ ಕೋಟ್) ಕಂಡರೆ ಅದು ಕಲ್ಲಿನ ಏಟು ಅಷ್ಟೇ, ಕೆಲಸದಲ್ಲಿ ತಪ್ಪಿಲ್ಲ. ಹಳೇ ಪೇಂಟ್ ಹೊಳಪಿನ ಸಮೇತ ಕಾಣುತ್ತಿದ್ದರೆ, ಅದರ ಮೇಲಿನ ಹೊಸ ಪೇಂಟ್ ಹಪ್ಪಳದ ಚೂರಿನ ಹಾಗೆ ಎದ್ದಿದ್ದರೆ, ಅಲ್ಲಿ ಹಳೇ ಮೇಲ್ಮೈಯನ್ನು ಸರಿಯಾಗಿ ಉಜ್ಜಿಲ್ಲ ಅಂತ ಅರ್ಥ. ಹೊಸ ಪೇಂಟ್‌ಗೆ ಹಿಡಿದುಕೊಳ್ಳಲು ಏನೂ ಸಿಕ್ಕಿಲ್ಲ. ಗುಂಡಿ ಆಳವಾಗಿದ್ದು ಒಳಗೆ ಪುಟ್ಟಿ ಪುಡಿಪುಡಿಯಾಗಿ ಕಂಡರೆ ತಗ್ಗನ್ನು ಬಡಿದು ಎತ್ತುವ ಬದಲು ಪುಟ್ಟಿಯಲ್ಲೇ ತುಂಬಿಸಿದ್ದಾರೆ. ಬಂಪರ್‌ನಲ್ಲಿ ನೇರ ಕಪ್ಪು ಪ್ಲಾಸ್ಟಿಕ್ಕೇ ಕಂಡರೆ ಪ್ಲಾಸ್ಟಿಕ್‌ಗೆ ಹಾಕಬೇಕಾದ ಪ್ರೈಮರ್ ಹಾಕಿದ್ದಾರಾ ಅಂತ ಕೇಳಲೇಬೇಕು.

ಇನ್ನೊಂದು ಸುಲಭದ ಪರೀಕ್ಷೆ ಉಂಟು. ಸಾಮಾನ್ಯ ಸೆಲ್ಲೋಟೇಪಿನ ಒಂದು ತುಂಡನ್ನು ಆ ಚುಕ್ಕೆಯ ಮೇಲೆ ಮಾತ್ರ ಒತ್ತಿ, ಒಂದೇ ಸಲಕ್ಕೆ ಎಳೆಯಿರಿ. ಏನೂ ಬಾರದಿದ್ದರೆ ಸರಿ. ಅಂಚಿನಿಂದ ಇನ್ನಷ್ಟು ಪೇಂಟ್ ಕಿತ್ತು ಬಂದರೆ ಅವತ್ತೇ ಗ್ಯಾರೇಜಿಗೆ ಹೋಗಿ, ಆ ಟೇಪ್ ಕೂಡ ತೋರಿಸಿ. ಅಂಥ ಪೇಂಟ್ ಮೇಲೆ ಸಾವಿರಾರು ರೂಪಾಯಿಯ ಫಿಲ್ಮ್ ಅಂಟಿಸಿದರೆ, ಮುಂದೆ ಫಿಲ್ಮ್ ತೆಗೆಯುವ ದಿನ ಪೇಂಟ್ ಕೂಡ ಅದರ ಜೊತೆಗೇ ಬರುತ್ತದೆ.

ಈಗ ಯಾಕೆ ಕಾಯಬೇಕು ಅನ್ನುವ ವಿಷಯ. ಕಂಪನಿಯಲ್ಲಿ ಪೇಂಟ್ ಆಗುವಾಗ ಬಾಡಿ ಮಾತ್ರ ಇರುತ್ತದೆ. ಸೀಟು, ವೈರಿಂಗ್, ಪ್ಲಾಸ್ಟಿಕ್ ಏನೂ ಇರುವುದಿಲ್ಲ, ಹಾಗಾಗಿ ಮೇಲಿನ ಕ್ಲಿಯರ್ ಕೋಟನ್ನು (ಬಣ್ಣದ ಮೇಲೆ ಬರುವ ಪಾರದರ್ಶಕ ಪದರ) ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಪೂರ್ತಿ ಜೋಡಿಸಿದ ಕಾರನ್ನು ಹಾಗೆ ಬೇಯಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಗ್ಯಾರೇಜಿನಲ್ಲಿ ಹಾರ್ಡ್‌ನರ್ (ಪೇಂಟನ್ನು ಗಟ್ಟಿ ಮಾಡುವ ದ್ರವ) ಬೆರೆಸುವ ಪೇಂಟ್ ಬಳಸುವುದು. ಒಳ್ಳೆ ಬೂತ್ (ಪೇಂಟ್ ಹೊಡೆದು ಬಿಸಿ ಕೊಡುವ ಮುಚ್ಚಿದ ಕೋಣೆ) ಇದ್ದರೆ ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ, ಇಲ್ಲದಿದ್ದರೆ ಶೆಡ್ಡಿನಲ್ಲೇ ಒಣಗಬೇಕು. ಕೈಗೆ ಅಂಟದಿದ್ದರೂ, ಹೊಳಪು ಬಂದಿದ್ದರೂ, ಒಳಗಿನ ಥಿನ್ನರ್ ಇನ್ನೂ ವಾರಗಟ್ಟಲೆ ಹೊರಗೆ ಬರುತ್ತಾ ಇರುತ್ತದೆ, ಪೇಂಟ್ ನಿಧಾನವಾಗಿ ಗಟ್ಟಿಯಾಗುತ್ತಾ ಇರುತ್ತದೆ. ಆಗ ಮೇಲಿನಿಂದ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಆ ಆವಿ ಎಲ್ಲಿಗೆ ಹೋಗಬೇಕು? ಪೇಂಟ್ ಆಗಿ ಹತ್ತೇ ದಿನಕ್ಕೆ ಬೇರೆ ಕಡೆ ಫಿಲ್ಮ್ ಹಾಕಿಸಿದ ಒಂದು ಕಾರು ಆಮೇಲೆ ನಮ್ಮ ಶೆಡ್ಡಿಗೆ ಬಂದಿತ್ತು. ಬಾನೆಟ್ ತುಂಬಾ ರಾಗಿ ಕಾಳಿನಂಥ ಗುಳ್ಳೆ. ಫಿಲ್ಮ್ ಕಿತ್ತು ಬಾನೆಟನ್ನು ಮೊದಲಿಂದ ಉಜ್ಜಿ ಪೇಂಟ್ ಮಾಡಬೇಕಾಯ್ತು. ಎರಡೂ ಖರ್ಚು ಓನರ್ ತಲೆಗೇ ಬಂತು, ನೋಡಿ ನನಗೇ ಸಂಕಟ ಆಗಿತ್ತು.

ಬೂತ್‌ನಲ್ಲಿ ಬಿಸಿ ಕೊಟ್ಟಿದ್ದರೆ ಕನಿಷ್ಠ ಒಂದು ತಿಂಗಳು, ಶೆಡ್ಡಿನಲ್ಲಿ ಒಣಗಿಸಿದ್ದರೆ ಎರಡು ತಿಂಗಳು ಬಿಡಿ. ಪೇಂಟ್ ಕಂಪನಿ ಅದಕ್ಕಿಂತ ಜಾಸ್ತಿ ದಿನ ಹೇಳಿದ್ದರೆ ಅದನ್ನೇ ಪಾಲಿಸಿ. ವ್ಯಾಕ್ಸ್ ಹಾಕಲಿಕ್ಕೂ ಇದೇ ಲೆಕ್ಕ.

ಸೆರಾಮಿಕ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಕಲ್ಲಿನ ಏಟಿಗೆ ಅದು ಪರಿಹಾರ ಅಲ್ಲ. ಅದರ ದಪ್ಪ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಇದ್ದರೆ ಹೆಚ್ಚು, ಪಿಪಿಎಫ್ 150ರಿಂದ 200 ಮೈಕ್ರಾನ್ ಇರುತ್ತದೆ. ಸೆರಾಮಿಕ್‌ನಿಂದ ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ತೊಳೆಯುವುದು ಸುಲಭ. ಅದಕ್ಕೆ ಬೇಕಾದರೆ ಮಾಡಿಸಿ. ಕಲ್ಲಿನ ಏಟನ್ನು ತಡೆಯಲು ದಪ್ಪ ಇರುವ, ರಬ್ಬರಿನ ಹಾಗೆ ಬಗ್ಗಿ ಏಟು ನುಂಗುವ ಪದರ ಬೇಕು, ಗಾಜಿನ ಹಾಗೆ ಗಟ್ಟಿಯಾದದ್ದು ಪ್ರಯೋಜನ ಇಲ್ಲ. ದಪ್ಪ ಬೇಕು ಅಂತ ಪೇಂಟನ್ನೇ ಇನ್ನೂ ಎರಡು ಕೋಟ್ ಹೊಡೆಸುವವರೂ ಇದ್ದಾರೆ. ಅದು ಉಲ್ಟಾ ಆಗುತ್ತದೆ, ಹಳೇದರ ಮೇಲೆ ಹೊಸದು ಅಂತ ಪದರ ಏರಿದಷ್ಟೂ ಕಲ್ಲು ತಾಗಿದಾಗ ದೊಡ್ಡ ಚೂರೇ ಹಾರುತ್ತದೆ.

ಫಿಲ್ಮ್ ಹಾಕಿಸುವ ದಿನ ಬಂದಾಗ ಇಡೀ ಕಾರಿಗೆ ಬೇಡ. ಬಾನೆಟ್, ಬಂಪರ್, ಫೆಂಡರ್‌ಗಳ ಮುಂಭಾಗ, ಕನ್ನಡಿಯ ಬೆನ್ನು ಸಾಕು, ನಿಮ್ಮ ದಾರಿಗೆ ಅದೇ ಮುಖ್ಯ. ಬಾನೆಟ್‌ನ ಅರ್ಧಕ್ಕೆ ಮಾತ್ರ ಹಾಕಿಸಿದರೆ ಅಡ್ಡ ಗೆರೆ ಕಾಣುತ್ತದೆ, ಅಲ್ಲಿ ಧೂಳು ಕೂತು ಕಪ್ಪಾಗುತ್ತದೆ, ಸಾಧ್ಯವಾದರೆ ಪೂರ್ತಿ ಹಾಕಿಸಿ, ಅಂಚನ್ನು ಒಳಗೆ ಮಡಚಲು ಹೇಳಿ. ಅಂಗಡಿಯಲ್ಲಿ ಟಿಪಿಯು (ರಬ್ಬರಿನ ಹಾಗೆ ಬಗ್ಗುವ ಪ್ಲಾಸ್ಟಿಕ್) ಫಿಲ್ಮಾ, ಪಿವಿಸಿಯಾ ಅಂತ ಕೇಳಿ, ಟಿಪಿಯುನೇ ಹಾಕಿಸಿ. ಪಿವಿಸಿ ಅಗ್ಗ, ನಮ್ಮ ಬಿಸಿಲಿಗೆ ಹಳದಿಯಾಗಿ ಒರಟಾಗುತ್ತದೆ, ತೆಗೆಯುವುದೂ ಕಷ್ಟ.

ಅಲ್ಲಿವರೆಗೆ ಏನು ಮಾಡುವುದು? ಅಂತರ ಬಿಡಿ, ವೇಗ ಇಳಿಸಿ. ಇದನ್ನು ಸುಮ್ನೆ ಬುದ್ಧಿಮಾತು ಅಂತ ಹೇಳುತ್ತಿಲ್ಲ. ಲಾರಿಯ ಟೈರ್ ಎಬ್ಬಿಸಿದ ಕಲ್ಲು ಗಾಳಿಯಲ್ಲಿ ಇರುವಾಗ ನಿಮ್ಮ ಕಾರೇ ಹೋಗಿ ಅದಕ್ಕೆ ಗುದ್ದುವುದು. ಏಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 80ರಲ್ಲಿ ಹೋಗುವವರು 60ಕ್ಕೆ ಇಳಿಸಿದರೆ ನಿಮ್ಮ ಕಡೆಯಿಂದ ಬೀಳುವ ಏಟು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಟಿಪ್ಪರ್ ಒಂದು ಕಂಬ ದಾಟಿದ ಮೇಲೆ ನೀವು ಆ ಕಂಬ ಮುಟ್ಟಲು 3 ಸೆಕೆಂಡಾದರೂ ಬೇಕು, 60ರ ವೇಗದಲ್ಲಿ ಅದು 50 ಮೀಟರ್. ಕಾಮಗಾರಿ ನಡೆಯುವ ಕಡೆ, ಜಲ್ಲಿ ಚೆಲ್ಲಿರುವ ತಿರುವಿನಲ್ಲಿ ಇನ್ನೂ ಜಾಸ್ತಿ ಬಿಡಿ. ಟಿಪ್ಪರ್‌ಗೆ ಟಾರ್ಪಾಲ್ ಇಲ್ಲದಿದ್ದರೆ ಐದು ನಿಮಿಷ ಬದಿಗೆ ನಿಲ್ಲಿಸಿ, ಅದು ಮುಂದೆ ಹೋಗಲಿ.

ಈ ಒಂದೆರಡು ತಿಂಗಳು ಬರೀ ನೀರಿನಲ್ಲಿ ತೊಳೆಯಿರಿ. ಟಾರ್ ಕಲೆ ಆಯ್ತು ಅಂತ ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜಬೇಡಿ, ಹಸಿ ಪೇಂಟ್ ಮೆತ್ತಗಾಗುತ್ತದೆ. ಬಾನೆಟ್‌ಗೆ ಕಟ್ಟುವ ರೆಕ್ಸಿನ್ ಹೊದಿಕೆ ಕೂಡ ಬೇಡ. ನಮ್ಮ ಮಳೆಗೆ ಅದರ ಅಡಿ ನೀರು, ಮರಳು ಸೇರಿಕೊಂಡು ಉಜ್ಜುತ್ತಲೇ ಇರುತ್ತದೆ.

ಆ ಎರಡು ಚುಕ್ಕೆಗಳನ್ನು ಮಾತ್ರ ಈ ವಾರವೇ ಮುಚ್ಚಿಸಿ. ಬಾನೆಟ್ ಕಬ್ಬಿಣದ್ದು, ಕಾಪು ಕಡಲಿನ ಬದಿ, ಉಪ್ಪಿನ ಗಾಳಿ. ಲೋಹ ಕಂಡರೆ ತುಕ್ಕು ಹಿಡಿಯಲು ಬಹಳ ದಿನ ಬೇಡ, ಒಳಗಿಂದ ಹರಡಿ ಸುತ್ತಲಿನ ಪೇಂಟನ್ನೂ ಎತ್ತುತ್ತದೆ. ಪೇಂಟರ್ ಹತ್ತಿರ ನಿಮ್ಮ ಬಣ್ಣ ಉಳಿದಿದ್ದರೆ ಚಿಕ್ಕ ಬಾಟಲಿಯಲ್ಲಿ ಕೇಳಿ ತೆಗೆದುಕೊಳ್ಳಿ, ಅದಕ್ಕಿಂತ ಒಳ್ಳೆ ಮ್ಯಾಚ್ ಸಿಗುವುದಿಲ್ಲ. ಚುಕ್ಕೆಯ ಒಳಗನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯ ತುದಿಯಿಂದ ಒರೆಸಿ, ಲೋಹ ಕಾಣುತ್ತಿದ್ದರೆ ಮೊದಲು ಒಂದು ಹನಿ ಪ್ರೈಮರ್, ಒಣಗಿದ ಮೇಲೆ ಬಣ್ಣ, ಕೊನೆಗೆ ಕ್ಲಿಯರ್. ಬ್ರಷ್ ದಪ್ಪ ಆಗುತ್ತದೆ, ಹಲ್ಲುಕಡ್ಡಿಯ ತುದಿಯಲ್ಲಿ ಹಚ್ಚಿ. ತೆಳ್ಳಗೆ ಎರಡು ಮೂರು ಸಲ, ನಡುವೆ ಒಣಗಲು ಬಿಟ್ಟು. ಮಳೆ ಬರುವ ದಿನ ಈ ಕೆಲಸ ಹಿಡಿಯಬೇಡಿ.

ಪ್ರಶ್ನೆ: ನಮ್ಮದು ಮಣಿಪಾಲ. ಕಾರಿನ ಮುಂಭಾಗ ಚೆನ್ನಾಗಿಯೇ ಉಂಟು. ಬಾಗಿಲಿನ ಕೆಳಗೆ, ಹಿಂದಿನ ಚಕ್ರದ ಮುಂದೆ ಮಾತ್ರ ಪೇಂಟ್ ಎದ್ದು ಹೋಗುತ್ತದೆ. ಈಗ ಆ ಕಡೆ ಪೇಂಟ್ ಮಾಡಿಸಬೇಕು ಅಂತಿದ್ದೇನೆ. ಮತ್ತೆ ಹಾಗೇ ಆಗದ ಹಾಗೆ ಏನು ಮಾಡಲಿ?

ಉತ್ತರ: ಮೇಡಂ, ಅದು ನಿಮ್ಮದೇ ಕಾರಿನ ಮುಂದಿನ ಟೈರ್ ಹಾರಿಸುವ ಕಲ್ಲು. ಪೇಂಟ್ ಆಗುವ ಮೊದಲೇ ಕೇಳಿದ್ದು ಒಳ್ಳೇದಾಯ್ತು. ಬಾಗಿಲಿನ ಕೆಳಗಿನ ಪಟ್ಟಿಗೆ ಬಣ್ಣ ಹೊಡೆಯುವ ಮೊದಲು ಸ್ಟೋನ್ ಗಾರ್ಡ್ ಕೋಟಿಂಗ್ ಹೊಡೆಯಲು ಹೇಳಿ. ಕಿತ್ತಳೆ ಸಿಪ್ಪೆಯ ಹಾಗೆ ಸ್ವಲ್ಪ ಒರಟು ಇರುತ್ತದೆ, ರಬ್ಬರಿನ ಗುಣ, ಅದರ ಮೇಲೆ ಕಾರಿನ ಬಣ್ಣವೇ ಬರುತ್ತದೆ. ಎಷ್ಟೋ ಕಾರುಗಳಿಗೆ ಕಂಪನಿಯಿಂದಲೇ ಇದು ಇರುತ್ತದೆ, ರಿಪೇರಿ ಮಾಡುವಾಗ ಉಜ್ಜಿ ನುಣ್ಣಗೆ ಮಾಡಿಬಿಡುತ್ತಾರೆ. ಕೈಯಾಡಿಸಿ ನೋಡಿ, ಇನ್ನೊಂದು ಬದಿಯಲ್ಲಿ ಒರಟು ಇದ್ದರೆ ಈ ಬದಿಯಲ್ಲೂ ಬೇಕೇ ಬೇಕು ಅಂತ ಹೇಳಿ. ಮುಂದಿನ ಚಕ್ರಕ್ಕೆ ಮಡ್ ಫ್ಲಾಪ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ನೀವು ಅಗಲದ ಟೈರ್ ಹಾಕಿಸಿಕೊಂಡಿದ್ದು, ಅದು ಫೆಂಡರ್‌ಗಿಂತ ಹೊರಗೆ ಬಂದಿದ್ದರೆ ಎಂಥ ಪೇಂಟ್ ಕೂಡ ಉಳಿಯುವುದಿಲ್ಲ.

ಪ್ರಶ್ನೆ: ಕಲ್ಲು ಹೊಡೆದು ಪೇಂಟ್ ಹಾರಿದ್ದಕ್ಕೆ ಇನ್ಶೂರೆನ್ಸ್ ಕ್ಲೈಮ್ ಮಾಡಬಹುದಾ? (ಸುರತ್ಕಲ್‌ನಿಂದ)

ಉತ್ತರ: ನಾಲ್ಕಾರು ಚುಕ್ಕೆಗೆ ಹೋಗಬೇಡಿ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲಿ ಮೊದಲ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮದೇ. ಅದಕ್ಕಿಂತ ದೊಡ್ಡ ನಷ್ಟ ನೋ ಕ್ಲೈಮ್ ಬೋನಸ್‌ನದ್ದು, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯದ್ದು. ಕ್ಲೈಮ್ ಇಲ್ಲದ ಮೊದಲ ವರ್ಷಕ್ಕೆ 20 ಪರ್ಸೆಂಟ್, ಐದು ವರ್ಷಕ್ಕೆ 50 ಪರ್ಸೆಂಟ್ ತನಕ ಏರಿರುತ್ತದೆ, ಒಂದು ಕ್ಲೈಮ್ ಮಾಡಿದರೆ ಸಾಮಾನ್ಯವಾಗಿ ಅದು ಸೊನ್ನೆಗೆ ಬರುತ್ತದೆ. ಟಚ್‌ಅಪ್ ಮಾಡಿಸಿ ಸಾಕು. ಅದೇ ಕಲ್ಲಿಗೆ ಮುಂದಿನ ಗಾಜೂ ಒಡೆದಿದ್ದರೆ ಆಗ ಲೆಕ್ಕ ಬೇರೆ, ಪಾಲಿಸಿ ಹಿಡಿದುಕೊಂಡು ಏಜೆಂಟ್ ಹತ್ತಿರ ಮಾತಾಡಿ.