ಐಟಿ ಸಪೋರ್ಟ್ ಕೆಲಸಕ್ಕೆ ಸೇರುವವರಿಗೆ ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಎಷ್ಟು ಗೊತ್ತಿರಬೇಕು?

ಓದಿದ್ದು ಬೇರೆ ವಿಷಯ, ಮುಂದಿನ ತಿಂಗಳು ಐಟಿ ಸಪೋರ್ಟ್ ಕೆಲಸಕ್ಕೆ ಸೇರಬೇಕು, ಅಷ್ಟರಲ್ಲಿ ಕನಿಷ್ಠ ಏನೇನು ಕಲಿತಿರಬೇಕು ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಹೊಸಬರು ಬಿಡಿಭಾಗಗಳ ಹೆಸರು, ಪೋರ್ಟ್ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬರುವುದನ್ನು ನೋಡುತ್ತಲೇ ಇರುತ್ತೇನೆ. ಮೊದಲ ದಿನದಿಂದಲೇ ಕೈಹಿಡಿಯುವುದು ಅದಲ್ಲ, ಯಾವುದಾದ ಮೇಲೆ ಯಾವುದು ನಡೆಯುತ್ತದೆ ಅನ್ನುವ ಕ್ರಮ. ಅದು ಗೊತ್ತಿದ್ದರೆ ಎಲ್ಲಿ ಕೊಂಡಿ ಕಳಚಿದೆ ಅಂತ ಹುಡುಕುತ್ತಾ ಹೋಗಬಹುದು.

ಮೊದಲು ಕಂಪ್ಯೂಟರ್. ಬಟನ್ ಒತ್ತಿದ ಕೂಡಲೇ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಪೆಟ್ಟಿಗೆ) ಮದರ್‌ಬೋರ್ಡಿಗೆ ಕರೆಂಟ್ ಕೊಡುತ್ತದೆ. ಮದರ್‌ಬೋರ್ಡಿನಲ್ಲೇ ಇರುವ ಬಯೋಸ್ ಅನ್ನುವ ಪ್ರೋಗ್ರಾಂ ಎದ್ದು ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ ಎಲ್ಲ ಸರಿ ಇದೆಯಾ ನೋಡುತ್ತದೆ. ಆಮೇಲೆ ಡಿಸ್ಕ್‌ನಿಂದ ಆಪರೇಟಿಂಗ್ ಸಿಸ್ಟಂ ಲೋಡ್ ಆಗುತ್ತದೆ. ಫ್ಯಾನೇ ತಿರುಗುತ್ತಿಲ್ಲವಾ, ಕರೆಂಟಿನ ಕಡೆ ನೋಡಿ. ಫ್ಯಾನ್ ತಿರುಗಿಯೂ ಪರದೆ ಕಪ್ಪಾ, ಮೊದಲು ಮಾನಿಟರ್ ಕೇಬಲ್, ಆಮೇಲೆ ರ‍್ಯಾಮ್. ಲೋಗೊ ಬಂದು ಬೂಟ್ ಡಿವೈಸ್ ಸಿಗಲಿಲ್ಲ ಅಂದರೆ ಡಿಸ್ಕ್.

ರ‍್ಯಾಮ್ ತೆಗೆದು ಮತ್ತೆ ಕೂರಿಸುವುದನ್ನು ನಿಮ್ಮ ಕೈಯಾರೆ ಒಮ್ಮೆ ಮಾಡಲೇಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಕೈ ಹಾಕಿ. ಡೆಸ್ಕ್‌ಟಾಪ್ ರ‍್ಯಾಮ್‌ನ ತಲೆಮಾರುಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕೂರದಿದ್ದರೆ ಬಲ ಹಾಕಬೇಡಿ, ಅದು ಆ ಬೋರ್ಡಿನದ್ದಲ್ಲ. ಎಂ.2 ಎಸ್‌ಎಸ್‌ಡಿಯಲ್ಲೂ (ಬೋರ್ಡಿಗೇ ಸಿಕ್ಕಿಸುವ ಚಪ್ಪಟೆ ಡಿಸ್ಕ್) ಎಚ್ಚರ ಬೇಕು: ನೋಡಲು ಒಂದೇ ಥರ ಇದ್ದರೂ ಡೇಟಾ ಸಾಗಿಸುವ ರೀತಿಯಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ. ಕೆಲವು ಸ್ಲಾಟ್‌ಗಳಲ್ಲಿ ಒಂದೇ ಬಗೆ ನಡೆಯುತ್ತದೆ. ತರಿಸುವ ಮೊದಲು ಬೋರ್ಡಿನ ಮ್ಯಾನುಯಲ್ ತೆಗೆದು ನೋಡಿ.

ಇನ್ನು ನೆಟ್‌ವರ್ಕ್. ‘ಇಂಟರ್ನೆಟ್ ಬರ್ತಿಲ್ಲ’ ಅನ್ನುವ ಒಂದೇ ಮಾತಿನ ಹಿಂದೆ ಹತ್ತು ಕಾರಣ ಇರಬಹುದು. ನಾನು ಹತ್ತಿರದಿಂದ ದೂರಕ್ಕೆ ಹೋಗುತ್ತೇನೆ. ಮೊದಲು ಕೇಬಲ್ ಸಿಕ್ಕಿಸಿದ ಕಡೆ ಲೈಟ್ ಉರಿಯುತ್ತಿದೆಯಾ ನೋಡಿ. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಹಾಕಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರಿನ ನಂಬರ್) 169.254 ಅಂತ ಶುರುವಾದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬರದೆ ವಿಂಡೋಸ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಅಂತ ಅರ್ಥ. ಬ್ರೌಸರ್ ಮುಚ್ಚಿ ತೆರೆದು ಏನೂ ಆಗುವುದಿಲ್ಲ. ಕೇಬಲ್, ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ), ಡಿಎಚ್‌ಸಿಪಿ ಕಡೆ ಹೋಗಿ. ವಿಳಾಸ ಸರಿ ಇದ್ದರೆ ಗೇಟ್‌ವೇಗೆ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ರೂಟರ್) ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದಾ ಅಂತ ಸಣ್ಣ ಸಂದೇಶ ಕಳಿಸಿ, ಆಮೇಲೆ ಗೂಗಲ್‌ನ ಸರ್ವರ್ 8.8.8.8ಕ್ಕೆ, ಕೊನೆಗೆ ಯಾವುದಾದರೂ ಸೈಟಿನ ಹೆಸರಿಗೆ. ನಂಬರಿಗೆ ಉತ್ತರ ಬಂದು, ಹೆಸರಿನ ಐಪಿಯೇ ಸಿಗದಿದ್ದರೆ ತೊಂದರೆ ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್‌ನಲ್ಲಿ. ಕೆಲವು ನೆಟ್‌ವರ್ಕ್‌ಗಳಲ್ಲಿ ಪಿಂಗ್ ಅನ್ನೇ ತಡೆದಿರುತ್ತಾರೆ, ಹಾಗಾಗಿ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಲೈನೇ ಸತ್ತಿದೆ ಅಂತ ಬರೆದುಬಿಡಬೇಡಿ.

ಕೇಬಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಹೊಸಬರು ಕೊನೆಗೆ ನೋಡುವುದು ಅದನ್ನೇ. ಒಬ್ಬರ ಕಂಪ್ಯೂಟರ್‌ನಲ್ಲಿ ಮಾತ್ರ ಸರ್ವರ್‌ನಿಂದ ಫೈಲ್ ಕಾಪಿ ಆಗುವುದು ತೀರಾ ನಿಧಾನವಿತ್ತು. ಸೆಕೆಂಡಿಗೆ 11 ಮೆಗಾಬೈಟ್ ಮುಟ್ಟಿ ಅಲ್ಲೇ ನಿಂತುಬಿಡುತ್ತಿತ್ತು. ಡ್ರೈವರ್ ಬದಲಿಸಿದ್ದಾಯಿತು, ಆಂಟಿವೈರಸ್ ಪರೀಕ್ಷಿಸಿದ್ದಾಯಿತು. ಆಮೇಲೆ ಆ 11ರ ಲೆಕ್ಕ ಹೊಳೆಯಿತು: 8 ಬಿಟ್‌ಗೆ ಒಂದು ಬೈಟ್, 100 ಮೆಗಾಬಿಟ್ ಲಿಂಕ್ ಅಂದರೆ ಹೆಚ್ಚೆಂದರೆ 12.5 ಮೆಗಾಬೈಟ್. ಅಡಾಪ್ಟರ್ ಸ್ಟೇಟಸ್ ತೆರೆದರೆ ಗಿಗಾಬಿಟ್ (1000 ಮೆಗಾಬಿಟ್) ಇರಬೇಕಾದ ಕಡೆ 100 ಅಂತಲೇ ಇತ್ತು. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಕುರ್ಚಿಯ ಚಕ್ರ ಹತ್ತಿ ಹತ್ತಿ ಕೇಬಲ್ ಚಪ್ಪಟೆಯಾಗಿತ್ತು. ಒಳಗೆ ಯಾವುದೋ ತಂತಿ ತುಂಡಾಗಿರಬೇಕು. ಬೇರೆ ಕೇಬಲ್ ಹಾಕಿದ ತಕ್ಷಣ ವೇಗ ಸೆಕೆಂಡಿಗೆ 110 ಮೆಗಾಬೈಟ್ ದಾಟಿತು.

ಹಾರ್ಡ್‌ವೇರ್ ಬೇರೆ, ನೆಟ್‌ವರ್ಕ್ ಬೇರೆ ಅಂತ ಎರಡು ಪುಸ್ತಕ ಇಟ್ಟುಕೊಂಡು ಓದಬೇಡಿ ಅನ್ನುವುದಕ್ಕೂ ಒಂದು ಕಾರಣವಿದೆ. ದೀರ್ಘ ರಜೆ ಮುಗಿಸಿ ಬಂದ ಒಬ್ಬರು ಯಾವ ಸೈಟೂ ತೆರೆಯುತ್ತಿಲ್ಲ ಅಂದರು. ಲೈಟ್ ಇದೆ, ಐಪಿ ಇದೆ, ಪಿಂಗ್ ಹೋಗುತ್ತಿದೆ, ಆದರೂ ಪ್ರತಿ ಸೈಟಿನಲ್ಲೂ ಸಂಪರ್ಕ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ. ಪರದೆಯ ಮೂಲೆಯ ಗಡಿಯಾರ ನೋಡಿದರೆ ಎಷ್ಟೋ ವರ್ಷ ಹಿಂದಿನ ತಾರೀಖು. ಎಚ್‌ಟಿಟಿಪಿಎಸ್ ಸೈಟುಗಳ ಸರ್ಟಿಫಿಕೇಟ್‌ಗೆ (ಸೈಟಿನ ಗುರುತಿನ ಚೀಟಿ) ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ, ಕಂಪ್ಯೂಟರಿನ ತಾರೀಖು ಅದಕ್ಕಿಂತ ಹಿಂದಿದ್ದರೆ ಬ್ರೌಸರ್ ನಂಬುವುದಿಲ್ಲ. ರಜೆಯಲ್ಲಿ ಪ್ಲಗ್ ಕಿತ್ತಿಟ್ಟಿದ್ದರು, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿತ್ತು. 3 ವೋಲ್ಟಿನ ಒಂದು ಸೆಲ್ ಬದಲಿಸಿ ತಾರೀಖು ಸರಿಮಾಡಿದ ಮೇಲೆ ಎಲ್ಲ ಸೈಟೂ ತೆರೆದವು.

ಯಾವುದಕ್ಕೂ ಕೈ ಹಾಕುವ ಮೊದಲು ಮೂರು ಮಾತು ಕೇಳಿ: ನಿನ್ನೆ ಸರಿ ಇತ್ತಾ, ನಡುವೆ ಏನು ಬದಲಾಯಿತು, ಪಕ್ಕದವರಿಗೂ ಹೀಗೇ ಆಗಿದೆಯಾ? ಡಿಸ್ಕ್ ವಿಷಯವಾದರೆ ನಾಲ್ಕನೆಯದೂ ಇದೆ, ಬ್ಯಾಕಪ್ ಎಲ್ಲಿದೆ? ಅವರ ವರ್ಷಗಳ ಕೆಲಸ ಅದರೊಳಗಿರುತ್ತದೆ. ಉತ್ತರ ಸಿಗದೆ ಫಾರ್ಮ್ಯಾಟ್ ಮಾಡಬೇಡಿ.

ಇರುವ ಒಂದು ತಿಂಗಳಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದನ್ನು ಹೊಂದಿಸಿಕೊಂಡು ಪೂರ್ತಿ ಬಿಚ್ಚಿ ಜೋಡಿಸಿ. ಬಿಚ್ಚುವ ಮೊದಲು ಪ್ರತಿ ಕನೆಕ್ಟರಿನ ಫೋಟೊ ತೆಗೆದುಕೊಳ್ಳಿ, ಕ್ಯಾಬಿನೆಟ್ಟಿನ ಪವರ್ ಬಟನ್‌ನಿಂದ ಬರುವ ಸಣ್ಣ ತಂತಿಗಳದ್ದಂತೂ ಮರೆಯಬೇಡಿ, ಅವು ಎಲ್ಲಿ ಕೂರುತ್ತಿದ್ದವು ಅಂತ ಆಮೇಲೆ ನೆನಪಾಗುವುದಿಲ್ಲ.