ಮನೆಯ ಮಂದ ಬೆಳಕಲ್ಲಿ ಮನೆಯವರ ಫೋಟೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯೊಳಗೆ, ಬೆಳಕು ಕಡಿಮೆ ಇದ್ದಾಗ, ನಮ್ಮವರ ಫೋಟೊ ತೆಗೆಯೋದು ಹೇಗೆ? ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇದ್ದವು. ಬರೆದವರಲ್ಲಿ ಹೆಚ್ಚಿನವರ ಕೈಯಲ್ಲಿ ಇರೋದು ಫೋನು. ಹಾಗಾಗಿ ಉತ್ತರಗಳೂ ಮುಖ್ಯವಾಗಿ ಫೋನಿಗೆ ಹೊಂದುವಂಥವು.

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿ ನಮ್ಮದು. ಹಳೇ ಮನೆ, ಅಡುಗೆಮನೆಗೆ ಒಂದೇ ಸಣ್ಣ ಕಿಟಕಿ. ಬೆಳಗ್ಗೆ ಅಮ್ಮಮ್ಮ ಒಲೆ ಮುಂದೆ ಕೂತು ದೋಸೆ ಎರೆಯೋದು ಕಣ್ಣಿಗೆ ಎಷ್ಟು ಚಂದ ಕಾಣುತ್ತದೆ! ಫೋನಲ್ಲಿ ತೆಗೆದರೆ ಮಾತ್ರ ಗೋಡೆಯೆಲ್ಲ ಬೆಳ್ಳಗೆ, ಬೆಂಕಿ ಬರೀ ಬಿಳಿ ಮಚ್ಚೆ. ಏನು ಮಾಡಲಿ?

ಉತ್ತರ: ಮೊದಲು ಫೋನ್ ಏನು ಮಾಡುತ್ತಿದೆ ಅಂತ ತಿಳಿದುಕೊಳ್ಳಿ. ಒಟ್ಟು ಚಿತ್ರ ತೀರಾ ಕಪ್ಪೂ ಆಗಬಾರದು, ತೀರಾ ಬಿಳಿಯೂ ಆಗಬಾರದು ಅಂತ ಅದು ಲೆಕ್ಕ ಹಾಕುತ್ತದೆ. ನಿಮ್ಮ ಚಿತ್ರದಲ್ಲಿ ಮುಕ್ಕಾಲು ಪಾಲು ಕತ್ತಲೆ. ಆ ಕತ್ತಲೆಯನ್ನು ಬೆಳಗಿಸಲು ಹೋಗಿ ಬೆಂಕಿಯ ಬಣ್ಣವನ್ನೇ ಕಳೆದುಬಿಡುತ್ತದೆ.

ಪರದೆಯಲ್ಲಿ ಅಮ್ಮಮ್ಮನ ಕೆನ್ನೆ ಮೇಲೆ, ಒಲೆಯ ಬೆಳಕು ಬಿದ್ದಿರೋ ಕಡೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಫೋಕಸ್ ಅಲ್ಲೇ ಲಾಕ್ ಆಗುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ. ಬೆಂಕಿಗೆ ಮತ್ತೆ ಕಿತ್ತಳೆ ಬಣ್ಣ ಬರೋವರೆಗೆ ಅದನ್ನು ನಿಧಾನಕ್ಕೆ ಕೆಳಗೆ ಎಳೆಯಿರಿ. ಹಿಂದಿನ ಗೋಡೆ ಕಪ್ಪಾಗುತ್ತದೆ. ಆಗಲಿ ಬಿಡಿ. ಹೊಗೆ ಹಿಡಿದ ಗೋಡೆ ಮೊದಲೇ ಕಪ್ಪಗಿತ್ತು ಅಲ್ವಾ? ಅಮ್ಮಮ್ಮ ಐವತ್ತು ವರ್ಷ ಕೂತಿದ್ದು ಆ ಕತ್ತಲೆಯಲ್ಲೇ. ಅದು ಚಿತ್ರದಲ್ಲಿ ಇರಲೇಬೇಕು.

ಆಮೇಲೆ ನೀವು ನಿಲ್ಲುವ ಜಾಗ ನೋಡಿಕೊಳ್ಳಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇದ್ದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ. ಅಮ್ಮಮ್ಮನ ಬೆನ್ನ ಹಿಂದೆ ಇದ್ದರೆ ಅವರು ಬರೀ ನೆರಳಾಗುತ್ತಾರೆ. ಕಿಟಕಿ ಒಂದು ಪಕ್ಕಕ್ಕೆ ಬರುವ ಹಾಗೆ ನಿಲ್ಲಿ. ಆಗ ಕೆನ್ನೆಯ ಸುಕ್ಕು, ಸೌಟು ಹಿಡಿದ ಕೈಯ ನರ ಎಲ್ಲ ಎದ್ದು ಕಾಣುತ್ತವೆ. ಒಂದು ಪಕ್ಕ ಕಿಟಕಿಯ ತಣ್ಣನೆ ಬೆಳಕು, ಇನ್ನೊಂದು ಪಕ್ಕ ಒಲೆಯ ಕೆಂಪು. ಇಷ್ಟು ಒಳ್ಳೆ ಬೆಳಕು ದುಬಾರಿ ಸ್ಟುಡಿಯೊದಲ್ಲೂ ಸಿಗೋದು ಕಷ್ಟ.

ಜೂಮ್ ಮಾಡಬೇಡಿ. ಕಡಿಮೆ ಬೆಳಕಲ್ಲಿ ಎರಡು ಪಟ್ಟು, ಮೂರು ಪಟ್ಟು ಜೂಮ್ ಒತ್ತಿದರೆ ಎಷ್ಟೋ ಫೋನುಗಳು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತವೆ. ಅದರ ಬದಲು ನೀವೇ ಹತ್ತಿರ ಹೋಗಿ ಕೂರಿ. ತೀರಾ ಮುಖದ ಹತ್ತಿರ ಬೇಡ, ಮೂಗು ದೊಡ್ಡದಾಗಿ ಕಾಣುತ್ತದೆ. ಮೂರು ನಾಲ್ಕು ಅಡಿ ಸಾಕು. ಮತ್ತೆ, ಲೆನ್ಸ್ ಒರೆಸಿಕೊಳ್ಳಿ. ಎಣ್ಣೆ ಬೆರಳಿನ ಗುರುತು ಒಂದಿದ್ದರೂ ಬೆಂಕಿಯ ಸುತ್ತ ಮಂಜು ಕವಿದ ಹಾಗೆ ಬರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ ಮೇಡಂ. ನಮ್ಮ ಮನೆಯವರು ಕೆಲಸದಿಂದ ಬರೋದು ರಾತ್ರಿ ಎಂಟೂವರೆಗೆ. ಮಗಳಿಗೆ ಎರಡೂವರೆ ವರ್ಷ. ಅಪ್ಪ ಬಂದ ಕೂಡಲೇ ಹೆಗಲೇರುತ್ತಾಳೆ. ಆ ಅರ್ಧ ಗಂಟೆ ನಮಗೆ ಹಬ್ಬ. ಆದರೆ ಫೋಟೊ ಎಲ್ಲಾ ಶೇಕ್. ನೈಟ್ ಮೋಡ್ ಹಾಕಿದರೆ ಇನ್ನೂ ಜಾಸ್ತಿ ಕೆಡುತ್ತದೆ.

ಉತ್ತರ: ನೈಟ್ ಮೋಡ್ ಇಂಥ ಆಟಕ್ಕೆ ಹೊಂದೋದಿಲ್ಲ. ಅದು ಒಂದೇ ಫೋಟೊ ತೆಗೆಯೋದಿಲ್ಲ. ಒಂದೆರಡು ಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಒಂದರ ಮೇಲೊಂದು ಹಲವು ಫೋಟೊ ತೆಗೆದು, ಅವನ್ನೆಲ್ಲ ಸೇರಿಸಿ ಒಂದು ಮಾಡುತ್ತದೆ. ಗೂಗಲ್ ಪಿಕ್ಸೆಲ್ ಫೋನುಗಳಿಗೆ ಇದು 2018ರಲ್ಲಿ ಬಂತು, ಐಫೋನಿಗೆ 2019ರಲ್ಲಿ. ಮಲಗಿದ ಮಗುವಿಗೆ, ದೀಪ ಹಚ್ಚಿದ ಜಗಲಿಗೆ ತುಂಬಾ ಒಳ್ಳೆಯದು. ಹೆಗಲ ಮೇಲೆ ಕುಣಿಯೋ ಮಗಳು ಅಷ್ಟು ಹೊತ್ತಿನಲ್ಲಿ ನಾಲ್ಕು ಕಡೆ ಇರುತ್ತಾಳೆ. ಅದಕ್ಕೇ ಕಲಸಿಹೋಗುತ್ತದೆ.

ನಿಮಗೆ ಬೇಕಾಗಿರೋದು ಶಟರ್ (ಬೆಳಕನ್ನು ಒಳಗೆ ಬಿಡುವ ಬಾಗಿಲು) ಬೇಗ ಮುಚ್ಚೋದು. ಸುಮ್ನೆ ಕೂತು ಮಾತಾಡುವವರಿಗೆ 1/60 ಸೆಕೆಂಡು ಸಾಕು. ಆಡುವ ಮಗುವಿಗೆ 1/125, ಓಡುವ ಮಗುವಿಗೆ 1/250 ಬೇಕು. ಆಂಡ್ರಾಯ್ಡ್ ಫೋನಾದರೆ ಹೆಚ್ಚಿನವುಗಳಲ್ಲಿ 'ಪ್ರೊ' ಅಂತ ಒಂದು ಮೋಡ್ ಇರುತ್ತದೆ. ಅಲ್ಲಿ ಶಟರನ್ನು ನೀವೇ ಇಡಬಹುದು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಮೇಲೆ ಹೋಗಲಿ, ಚಿತ್ರ ಕಾಳುಕಾಳಾಗಿ ಬರಲಿ. ಕಾಳುಕಾಳಾದ ಚಿತ್ರದಲ್ಲಿ ಮಗಳ ನಗು ಇರುತ್ತದೆ. ಅಲುಗಿದ ಚಿತ್ರದಲ್ಲಿ ಆ ನಗುವೇ ಕಾಣೋದಿಲ್ಲ. ಹಿಂದೆ ಪತ್ರಿಕೆಗಳವರು ರಾತ್ರಿ ಹೊತ್ತು ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆದ ಚಿತ್ರಗಳಲ್ಲೂ ಈ ಕಾಳು ಇರುತ್ತಿತ್ತು. ಓದುಗರಿಗೆ ಅದೇನೂ ಅಡ್ಡಿಯಾಗಲಿಲ್ಲ.

ಒಂದು ಎಚ್ಚರಿಕೆ. ಕೆಲವು ಎಲ್‌ಇಡಿ ದೀಪ, ಟ್ಯೂಬ್‌ಲೈಟ್ ಕೆಳಗೆ ಶಟರ್ ವೇಗ ಏರಿಸಿದರೆ ಚಿತ್ರದಲ್ಲಿ ಅಡ್ಡ ಪಟ್ಟೆ ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗೋದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಪಟ್ಟೆ ಬಂದರೆ ಶಟರನ್ನು 1/100ಕ್ಕೆ ಇಳಿಸಿ, ಹೋಗುತ್ತದೆ.

ಇನ್ನು ಬೆಳಕು. ಬಲ್ಬಿನಿಂದ ಎರಡು ಅಡಿ ದೂರದಲ್ಲಿ ಇರೋ ಮುಖ ನಾಲ್ಕು ಅಡಿಗೆ ಹೋದರೆ ಅದರ ಮೇಲೆ ಬೀಳೋ ಬೆಳಕು ಅರ್ಧ ಆಗೋದಿಲ್ಲ, ಕಾಲು ಭಾಗ ಆಗುತ್ತದೆ. ಆಟದ ಜಾಗವನ್ನು ಹಾಲಿನ ಮೂಲೆಯಿಂದ ದೀಪದ ಕೆಳಗಿನ ಚಾಪೆಗೆ ತಂದರೂ ಎಷ್ಟೋ ಅನುಕೂಲ. ಅಪ್ಪನಿಗೆ ಮೊದಲೇ ಹೇಳಿಡಿ, ಮಗಳಿಗೆ ಹೇಳೋದು ಬೇಡ.

ಆಟವನ್ನು ಕೆಲವು ದಿನ ಬರೀ ನೋಡಿ. ಮಗುವನ್ನು ಮೇಲೆ ಎತ್ತಿದಾಗ, ತುತ್ತತುದಿಯಲ್ಲಿ ಒಂದು ಕ್ಷಣ ಅದು ನಿಂತೇಬಿಡುತ್ತದೆ. ಕೆಳಗೆ ಬಂದು ಅಪ್ಪನ ಕುತ್ತಿಗೆ ತಬ್ಬಿಕೊಂಡಾಗ ಇನ್ನೊಮ್ಮೆ ನಿಲ್ಲುತ್ತದೆ. ಎಲ್ಲ ಆಟದಲ್ಲೂ ಇಂಥ ತಡೆ ಇದೆ. ಬೆರಳು ಆ ತಡೆಗೆ ಕಾಯಬೇಕು. ಕಾಯೋದು ಕಷ್ಟ ಅನಿಸಿದರೆ ಬಟನ್ ಒತ್ತಿ ಹಿಡಿದೋ, ಪಕ್ಕಕ್ಕೆ ಎಳೆದೋ ಒಟ್ಟಿಗೆ ಹತ್ತಾರು ತೆಗೆಯಿರಿ. ಅವತ್ತೇ ಕೂತು ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ನಾಳೆಗೆ ಬಿಟ್ಟರೆ ಯಾರೂ ಅಳಿಸೋದಿಲ್ಲ.

ಕೊನೇದಾಗಿ, ಎಲ್ಲ ಅಲುಗಾಟವೂ ಕೆಟ್ಟದ್ದಲ್ಲ. ಅಪ್ಪನ ಮುಖ ಸ್ಪಷ್ಟವಾಗಿದ್ದು, ಮಗಳ ಲಂಗ ಮಾತ್ರ ಗಾಳಿಯಲ್ಲಿ ಕಲಸಿದ್ದರೆ ಆ ಚಿತ್ರ ಇಟ್ಟುಕೊಳ್ಳಿ. ಆ ಮನೆಯ ಗದ್ದಲ ಅದರಲ್ಲಿ ಇದೆ.

ಪ್ರಶ್ನೆ: ಕಾರ್ತಿಕದಲ್ಲಿ ತುಳಸಿ ಕಟ್ಟೆ ಮುಂದೆ ದೀಪ ಹಚ್ಚೋ ಹೆಂಡತಿಯ ಫೋಟೊ. ಮುಖ ಅರ್ಧ ನೀಲಿ, ಅರ್ಧ ಕಿತ್ತಳೆ ಬಂದಿದೆ. (ಮೈಸೂರು)

ಉತ್ತರ: ನೀಲಿ ಬಂದಿರೋದು ಹೊರಗಿನ ಎಲ್‌ಇಡಿ ದೀಪದಿಂದ, ಅದನ್ನು ಆಫ್ ಮಾಡಿ. ಅಷ್ಟೇ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆ ಇದ್ದಷ್ಟೂ ಕಿತ್ತಳೆ, ಹೆಚ್ಚಿದ್ದಷ್ಟೂ ನೀಲಿ. ಎಣ್ಣೆ ದೀಪದ ಬೆಳಕು ಸುಮಾರು 1900 ಕೆಲ್ವಿನ್, ಬಿಳಿ ಎಲ್‌ಇಡಿ ಸುಮಾರು 6500. ಎರಡನ್ನೂ ಒಟ್ಟಿಗೆ ಸರಿ ಮಾಡಲು ಯಾವ ಕ್ಯಾಮೆರಾಕ್ಕೂ ಆಗೋದಿಲ್ಲ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನು (ಬಣ್ಣ ಸರಿದೂಗಿಸುವ ಆಯ್ಕೆ) 3000ದ ಹತ್ತಿರ ಇಡಿ. ದೀಪದ ಹೊಂಬಣ್ಣ ಸ್ವಲ್ಪ ಉಳಿಯುತ್ತದೆ, ಮುಖ ಅರಿಸಿನ ಬಳಿದ ಹಾಗೂ ಕಾಣೋದಿಲ್ಲ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಒಳಗೆ ತೆಗೆದರೆ ಆಕಾಶದಲ್ಲಿ ಇನ್ನೂ ಕಡುನೀಲಿ ಇರುತ್ತದೆ. ಆ ಹೊತ್ತು ತಪ್ಪಿಸಬೇಡಿ. ಈಗಾಗಲೇ ಕೆಟ್ಟಿರೋ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ, ಬಣ್ಣದ ಜಗಳ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಕ್ಯಾಮೆರಾ ಎತ್ತಿದ ತಕ್ಷಣ ನಮ್ಮಮ್ಮ ಸೆರಗು ಸರಿ ಮಾಡಿಕೊಂಡು ಪಾಸ್‌ಪೋರ್ಟ್ ಫೋಟೊಗೆ ನಿಂತ ಹಾಗೆ ನಿಂತುಬಿಡುತ್ತಾರೆ. ಹೂ ಕಟ್ಟುವಾಗ, ಸೀರಿಯಲ್ ನೋಡುತ್ತಾ ಅವರೆಕಾಳು ಬಿಡಿಸುವಾಗ ಇರೋ ಅಮ್ಮ ಬೇಕು ನನಗೆ. (ಬೆಂಗಳೂರು)

ಉತ್ತರ: ಮೊದಲು ಅವರಿಗೆ ಬೇಕಾದ ಫೋಟೊ ತೆಗೆಯಿರಿ. ಸೆರಗು ಸರಿ ಮಾಡಿಕೊಂಡು ನಿಂತಿದ್ದಾರೆ ಅಂದರೆ ಚೆನ್ನಾಗಿ ಕಾಣಬೇಕು ಅಂತ ಅವರಿಗೂ ಆಸೆ ಇದೆ. ಅದನ್ನು ತೆಗೆದು ತೋರಿಸಿ. ಖುಷಿಯಾಗುತ್ತಾರೆ. ಆಮೇಲೆ ಹೇಳಿ: "ಅಮ್ಮಾ, ನೀನು ಕೆಲಸ ಮಾಡುವಾಗಲೂ ಅಷ್ಟಿಷ್ಟು ತೆಗೀತೀನಿ." ಕದ್ದು ತೆಗೆಯೋದಕ್ಕಿಂತ ಹೇಳಿ ತೆಗೆಯೋದು ಒಳ್ಳೆಯದು. ದಿನಾ ಒಂದೆರಡು ತೆಗೆಯುತ್ತಾ ಹೋದರೆ ನಿಮ್ಮ ಫೋನಿನ ಕಡೆ ಅವರು ತಿರುಗಿ ನೋಡೋದನ್ನೇ ಬಿಡುತ್ತಾರೆ.

ಕೈಗಳಿಂದ ಶುರು ಮಾಡಿ. ಹೂವಿಗೆ ದಾರ ಸುತ್ತುವ ಬೆರಳು, ಮೊರದಲ್ಲಿ ಅವರೆಕಾಳು. ಮುಖದಷ್ಟು ಸಂಕೋಚ ಕೈಗೆ ಇಲ್ಲ. ಟಿ.ವಿ. ಬೆಳಕನ್ನೂ ಬಳಸಿಕೊಳ್ಳಬಹುದು. ಉಳಿದ ದೀಪ ಆರಿಸಿದರೆ ಮುಖದ ಮೇಲೆ ಅದರ ಬಣ್ಣ ಬದಲಾಗುತ್ತಾ ಇರುತ್ತದೆ. ಟಿ.ವಿ.ಯ ದೃಶ್ಯ ಬೆಳ್ಳಗಿದ್ದಾಗ ಕ್ಲಿಕ್ ಮಾಡಿ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ದೊಡ್ಡ ಸುದ್ದಿಗಳಷ್ಟೇ ಅಕ್ಕರೆಯಿಂದ ಸಾಮಾನ್ಯ ಜನರನ್ನು, ಮಕ್ಕಳನ್ನು ತೆಗೆದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಇನ್ನೊಬ್ಬರು ಉಮ್ರಾವ್ ಸಿಂಗ್ ಶೇರ್‌ಗಿಲ್, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ. ಫೋಟೊ ಅವರ ವೃತ್ತಿ ಆಗಿರಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮತ್ತು ತಮ್ಮನ್ನೇ ದಶಕಗಳ ಕಾಲ ಮನೆಯಲ್ಲೇ ತೆಗೆದರು. ಇವತ್ತು ಅವನ್ನು ಕಲೆ ಅಂತ ನೋಡುತ್ತೇವೆ.

ಪ್ರಶ್ನೆ: ಹಳೇ ಡಿಎಸ್‌ಎಲ್‌ಆರ್ ಇದೆ, ಜೊತೆಗೆ ಬಂದ 18-55 ಲೆನ್ಸ್ ಇದೆ. ಮನೆಯೊಳಗೆ ತೆಗೆಯಲು ಹೊಸ ಕ್ಯಾಮೆರಾ ಬೇಕಾ? (ತುಮಕೂರು)

ಉತ್ತರ: ಬೇಡ. ಲೆನ್ಸ್ ಬದಲಿಸಿ. ನಿಮ್ಮ ಲೆನ್ಸನ್ನು 55ಕ್ಕೆ, ಅಂದರೆ ಪೂರ್ತಿ ಜೂಮ್‌ಗೆ ಎಳೆದಾಗ ಅದರ ಬಾಯಿ ಹೆಚ್ಚೆಂದರೆ ಎಫ್/5.6ರಷ್ಟು ತೆರೆಯುತ್ತದೆ (ಈ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಎಫ್/1.8 ಲೆನ್ಸು ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. 1/10 ಸೆಕೆಂಡು ಬೇಕಿದ್ದ ಕಡೆ 1/100 ಸಾಕಾಗುತ್ತದೆ. ಎಲ್ಲರೂ 50 ಎಂ.ಎಂ. ತಗೊಳ್ಳಿ ಅನ್ನುತ್ತಾರೆ, ಅದು ಅಗ್ಗವೂ ಹೌದು. ಆದರೆ ಇಂಥ ಸಣ್ಣ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರೋ ಕ್ಯಾಮೆರಾದಲ್ಲಿ ಅದು 75-80 ಎಂ.ಎಂ. ಹಾಗೆ ಕೆಲಸ ಮಾಡುತ್ತದೆ. ಈ ಅಂಕಿ ಹೆಚ್ಚಿದಷ್ಟೂ ಚಿತ್ರದಲ್ಲಿ ಹಿಡಿಸೋ ಜಾಗ ಕಡಿಮೆ. ಹತ್ತು-ಹನ್ನೆರಡು ಅಡಿ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಇಬ್ಬರು ಪೂರ್ತಿ ಹಿಡಿಸೋದು ಕಷ್ಟ. ಮನೆಯೊಳಗೆ ಅಂತಾದರೆ ನಾನು 35 ಎಂ.ಎಂ. ಅನ್ನುತ್ತೇನೆ. ಸೆಕೆಂಡ್ ಹ್ಯಾಂಡ್ ನೋಡಿದರೂ ಪರವಾಗಿಲ್ಲ.

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ವರ್ಷ. ಕರೆಂಟು ಹೋದಾಗ ಮೇಣದಬತ್ತಿ ಬೆಳಕಲ್ಲಿ ನನ್ನ ಮಗನಿಗೆ ಕಥೆ ಹೇಳುತ್ತಿದ್ದ ಫೋಟೊ ಒಂದಿದೆ. ತುಂಬಾ ಬ್ಲರ್. ಈಗಿನ ಎಐ ಆ್ಯಪಿನಲ್ಲಿ ಸರಿ ಮಾಡಿಸಲಾ? (ಕುಂದಾಪುರ)

ಉತ್ತರ: ಮೂಲ ಫೋಟೊವನ್ನು ಮುಟ್ಟಬೇಡಿ. ಏನು ಮಾಡಿದರೂ ನಕಲಿನ ಮೇಲೆ ಮಾಡಿ. ಆ ಆ್ಯಪುಗಳು ಬ್ಲರ್ ಆದ ಮುಖದ ಕಡೆ ಏನಿತ್ತು ಅಂತ ಊಹೆ ಮಾಡಿ ಹೊಸದಾಗಿ ಬರೆಯುತ್ತವೆ. ಕಣ್ಣು ಸ್ಪಷ್ಟ ಆಗುತ್ತದೆ, ಆದರೆ ಅದು ನಿಮ್ಮಪ್ಪನ ಕಣ್ಣೇ ಆಗಿರಬೇಕು ಅಂತೇನಿಲ್ಲ. ನನ್ನ ಮಾತು ಕೇಳುವಿರಾದರೆ ಇದ್ದ ಹಾಗೇ ಇಡಿ. ಬೇಕಿದ್ದರೆ ಬೆಳಕು ಸ್ವಲ್ಪ ಸರಿ ಮಾಡಿ, ಸಣ್ಣ ಅಳತೆಯಲ್ಲಿ ಪ್ರಿಂಟ್ ಹಾಕಿಸಿ. ಸಣ್ಣ ಪ್ರಿಂಟಿನಲ್ಲಿ ಬ್ಲರ್ ಅಷ್ಟಾಗಿ ಕಾಣೋದಿಲ್ಲ. ಅಪ್ಪ ಕೂರುವ ರೀತಿ, ಕೈ ಎತ್ತಿದ ರೀತಿ ಇದೆಯಲ್ಲ, ಮಗನಿಗೆ ತಾತನ ಗುರುತು ಅಷ್ಟರಲ್ಲೇ ಸಿಗುತ್ತದೆ.

ಪ್ರಶ್ನೆ: ರಾತ್ರಿ ಹೆಂಡತಿ, ಮೂರು ತಿಂಗಳ ಕೂಸು ನಿದ್ದೆ ಮಾಡುತ್ತಿದ್ದ ಫೋಟೊ ತೆಗೆದೆ. ನೈಟ್ ಲ್ಯಾಂಪ್ ಬೆಳಕು, ಚೆನ್ನಾಗಿ ಬಂದಿತ್ತು. ಸ್ಟೇಟಸ್‌ಗೆ ಹಾಕಿದ್ದಕ್ಕೆ ಅವಳಿಗೆ ಬೇಸರವಾಗಿದೆ. ಅಷ್ಟು ಪ್ರೀತಿಯಿಂದ ತೆಗೆದ ಫೋಟೊ ಮೇಡಂ! (ದಾವಣಗೆರೆ)

ಉತ್ತರ: ಪ್ರೀತಿಯಿಂದಲೇ ತೆಗೆದಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಹೊತ್ತು ಅವರನ್ನು ನೋಡುವ ಸಲಿಗೆ ಇದ್ದದ್ದು ನಿಮಗೊಬ್ಬರಿಗೆ. ಸ್ಟೇಟಸ್ ನೋಡುವವರಿಗೆ ಆ ಸಲಿಗೆ ಇಲ್ಲ. ಅದನ್ನು ತೆಗೆದುಹಾಕಿ, ಕ್ಷಮೆ ಕೇಳಿ. ಇನ್ನು ಮುಂದೆ ಫೋನಿನಲ್ಲಿ ಎರಡು ಆಲ್ಬಂ ಮಾಡಿ: ಒಂದು ಮನೆಗೆ, ಒಂದು ಊರಿಗೆ. ಯಾವುದು ಎಲ್ಲಿಗೆ ಅಂತ ಫೋಟೊದಲ್ಲಿ ಇರುವವರೇ ಹೇಳಲಿ.

ಕೂಸಿಗೆ ಫ್ಲಾಶ್ ಹಾಕಬೇಡಿ, ಬೆಚ್ಚಿಬೀಳುತ್ತದೆ. ಬೆಳಕು ಸಾಲದಿದ್ದರೆ ಇನ್ನೊಂದು ಫೋನಿನ ಟಾರ್ಚನ್ನು ಬಿಳಿ ಗೋಡೆಗೆ ತಿರುಗಿಸಿಡಿ. ಗೋಡೆಯಿಂದ ವಾಪಸ್ ಬರುವ ಬೆಳಕು ಮೆತ್ತಗಿರುತ್ತದೆ. ನಿಮ್ಮಂಥ ಮಲಗಿದ ಚಿತ್ರಕ್ಕೆ ನೈಟ್ ಮೋಡೇ ಸರಿ. ಮೊಣಕೈಯನ್ನು ಮಂಚದ ಅಂಚಿಗೆ ಊರಿಕೊಳ್ಳಿ.

ಆ ಫೋಟೊವನ್ನು ಹೆಂಡತಿಗೆ ಕಳಿಸುವುದಾದರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಕತ್ತಲೆಯ ಭಾಗ ಚೌಕಚೌಕವಾಗಿ ಒಡೆಯುತ್ತದೆ. ಅವರು ಒಪ್ಪಿದರೆ 4x6 ಇಂಚಿನ ಪ್ರಿಂಟ್ ಹಾಕಿಸಿ. ಕಾಗದದ ಮೇಲೆ ಚಿತ್ರ ಪರದೆಗಿಂತ ಕಪ್ಪಗೆ ಬರುತ್ತದೆ, ಅದಕ್ಕೆ ಅಂಗಡಿಗೆ ಕೊಡುವ ಮುಂಚೆ ಬೆಳಕು ಸ್ವಲ್ಪ ಏರಿಸಿಕೊಳ್ಳಿ. ಹಿಂದೆ ತಾರೀಖು, ಕೂಸಿನ ವಯಸ್ಸು ಬರೆಯಿರಿ. ಮೆತ್ತನೆ ಪೆನ್ಸಿಲ್ ಆದರೆ ಒಳ್ಳೆಯದು, ಬಾಲ್‌ಪೆನ್ ಒತ್ತಿ ಬರೆದರೆ ಮುಂದಿನ ಕಡೆ ಗೆರೆ ಮೂಡುತ್ತದೆ.